ಕೋಡಿ ಬಿದ್ದ ವರ್ಷದ ಆಸ್ಪತ್ರೆ

ನೆರೆ ಬಂದಾಗ ಸರ್ಕಾರಿ ಡಾಕ್ಟರು ಏನೇನು ಮಾಡಬೇಕೆಂದು ಹೇಳುವ ಕೈಪಿಡಿಯೊಂದು ಈಗ ಇದೆ. ಹೊಸದಾಗಿ ಸೇವೆಗೆ ಸೇರಿದ ನನ್ನ ತಂಗಿಯ ಸೊಸೆ ಹೋದ ತಿಂಗಳು ಅದನ್ನು ಶಿರಾ ಗೇಟ್ ಹತ್ತಿರದ ನಮ್ಮ ಮನೆಗೆ ತಂದು ತೋರಿಸಿದಳು. ಯಾವ ದಿನ ಯಾವ ಕೆಲಸ, ಯಾರಿಗೆ ಯಾವ ವರದಿ, ಯಾವ ಔಷಧಿ ಎಷ್ಟು, ಎಲ್ಲವೂ ಚೆನ್ನಾಗಿದೆ. ಓದಿ ಮುಗಿಸಿ, "ಆಸ್ಪತ್ರೆಯೇ ಕೊಚ್ಚಿಕೊಂಡು ಹೋದರೆ ಏನು ಮಾಡಬೇಕು ಅಂತ ಯಾವ ಪುಟದಲ್ಲಿದೆ?" ಎಂದು ಕೇಳಿದೆ. ಅವಳು ಪುಟ ತಿರುವಿ ನೋಡಿ, "ಅದನ್ನು ನೀವೇ ಬರೆದುಕೊಡಿ ಮಾವ" ಅಂದಳು.

ಬರೆಯುತ್ತಿದ್ದೇನೆ. ಆದರೆ ಓದುವವರು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ಮೈಸೂರಿನ ಕಾಲೇಜಿನಲ್ಲಿ ನಮಗೆ ಕಲಿಸಿದ್ದು, ರೋಗಿಯನ್ನು ನೋಡಿದ ಕೂಡಲೇ ಬರೆದಿಡು, ಸಂಜೆಯವರೆಗೆ ಬಿಟ್ಟರೆ ಅದು ಕಥೆಯಾಗುತ್ತದೆ ಎಂದು. ನಾನು ನಲವತ್ತು ವರ್ಷ ಬಿಟ್ಟಿದ್ದೇನೆ. ಅದಕ್ಕೇ ಬರೆಯುವ ಮುಂಚೆ, ಆಗ ನನ್ನ ಜೊತೆ ಕಾಂಪೌಂಡರ್ ಆಗಿದ್ದ ರುದ್ರಯ್ಯನವರನ್ನು ಹುಡುಕಿಕೊಂಡು ತುಮಕೂರಿನ ಪಕ್ಕದ ಸತ್ಯಮಂಗಲಕ್ಕೆ ಎರಡು ಸಲ ಹೋಗಿ ಬಂದೆ. ಅಲ್ಲಿ ಮಗಳ ಮನೆಯಲ್ಲಿದ್ದಾರೆ. ನಾನು ಹೇಳಿದ್ದರಲ್ಲಿ ಅರ್ಧಕ್ಕೆ ಅವರು ತಲೆಯಾಡಿಸಲಿಲ್ಲ. ಅವರು ಹೇಳಿದ್ದರಲ್ಲಿ ಅರ್ಧವನ್ನು ನಾನು ಒಪ್ಪಲಿಲ್ಲ. ಇಬ್ಬರೂ ಒಪ್ಪಿದ್ದು ಇಲ್ಲಿದೆ. ಒಪ್ಪದ ಕಡೆ ಅದನ್ನೂ ಹೇಳಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಗುಬ್ಬಿ ತಾಲ್ಲೂಕು ಮುಗಿದು ಕುಣಿಗಲ್ ತಾಲ್ಲೂಕು ಶುರುವಾಗುವ ಕಡೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಊರಿನ ನಿಜವಾದ ಹೆಸರು ಬೇಡ, ಕೆರೆಯೂರು ಎಂದಿಟ್ಟುಕೊಳ್ಳಿ. ಕೆರೆಯ ಏರಿಯ ಬುಡದಲ್ಲೇ ನಮ್ಮ ಆಸ್ಪತ್ರೆಯ ಕಟ್ಟಡ. ಊರಿನ ಪಕ್ಕದಲ್ಲಿ ಬೇಸಗೆಯಲ್ಲಿ ಮಕ್ಕಳು ಗೋಲಿ ಆಡುವಂಥ ಒಂದು ಒಣ ಹಳ್ಳ. ಹಳ್ಳದಾಚೆ ಮೂರು ಪಾಳ್ಯಗಳು. ಆ ಪಾಳ್ಯಗಳಿಗೆಂದು ಒಂದು ಉಪಕೇಂದ್ರವಿತ್ತು. ಉಪಕೇಂದ್ರವೆಂದರೆ ಒಂದು ಕೋಣೆ, ಒಂದು ಜಗಲಿ, ಮತ್ತು ಲಕ್ಷ್ಮೀದೇವಮ್ಮ ಎಂಬ ನರ್ಸು. ಆಕೆಗೆ ಆಗ ಮೂವತ್ತೈದು ವರ್ಷವಿರಬಹುದು. ಗಂಡ ತೀರಿಕೊಂಡ ಮೇಲೆ ತರಬೇತಿ ಪಡೆದು ಕೆಲಸಕ್ಕೆ ಸೇರಿದವರು. ನನಗಿಂತ ಕಡಿಮೆ ಓದಿದವರು, ನನಗಿಂತ ಹೆಚ್ಚು ಹೆರಿಗೆ ಮಾಡಿಸಿದವರು.

ಆರು ದಿನ ಬಿಡದೆ ಮಳೆ ಸುರಿಯಿತು. ಏಳನೆಯ ದಿನ ಬೆಳಗ್ಗೆ ಹೊರರೋಗಿಗಳನ್ನು ನೋಡುತ್ತ ಕೂತಿದ್ದಾಗ, ಊರಿನವರು ಏರಿಯ ಮೇಲಿನಿಂದ ಕೂಗಿಕೊಂಡು ಓಡಿಬಂದರು. ಕೆರೆಯ ಹೆಚ್ಚಿನ ನೀರು ಹೊರಗೆ ಹರಿಯುವ ಕಲ್ಲುಕಟ್ಟಡ, ಅಂದರೆ ಕೋಡಿ, ಪೂರ್ತಿಯಾಗಿ ಕುಸಿದು ಹೋಗಿತ್ತು. ನೀರು ಏರಿಯನ್ನೂ ಕೊರೆಯುತ್ತಿತ್ತು. ಎರಡು ದಿನದ ಬಾಣಂತಿಯೊಬ್ಬಳನ್ನು ಮಂಚದ ಸಮೇತ ಎತ್ತಿಕೊಂಡು ಎಲ್ಲರೂ ಮೇಲಿನ ಬೀದಿಗೆ ಓಡಿದೆವು. ಅರ್ಧ ಗಂಟೆಯೊಳಗೆ ಆಸ್ಪತ್ರೆಯ ಗೋಡೆಗಳು ಒಂದೊಂದಾಗಿ ನೀರಿಗೆ ಕೂತವು. ಒಣ ಹಳ್ಳ ಹೊಳೆಯಾಯಿತು.

ಓಡುವಾಗ ಯಾರು ಏನು ಹೊತ್ತು ತಂದರು ಎಂಬುದರಲ್ಲಿ ನನಗೂ ರುದ್ರಯ್ಯನವರಿಗೂ ಭಿನ್ನಾಭಿಪ್ರಾಯವಿಲ್ಲ. ನಾನು ಮೈಕ್ರೋಸ್ಕೋಪನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು ಬಂದೆ. ಅವರು ಸೀಮೆಎಣ್ಣೆ ಸ್ಟೌ, ಸಿರಿಂಜು ಕುದಿಸುವ ಡಬ್ಬ, ಸಲೈನ್ ಬಾಟಲಿಗಳ ಒಂದು ಪೆಟ್ಟಿಗೆ ತಂದರು. ಮುಂದಿನ ಹತ್ತು ದಿನ ಆ ಮೈಕ್ರೋಸ್ಕೋಪನ್ನು ಯಾರೂ ಪೆಟ್ಟಿಗೆಯಿಂದ ತೆಗೆಯಲಿಲ್ಲ. ಓದಿದವನು ಗಾಬರಿಯಾದಾಗ ತನ್ನ ಓದನ್ನು ಎತ್ತಿಕೊಂಡು ಓಡುತ್ತಾನೆ. ನೀವು ಸ್ಟೌ ಎತ್ತಿಕೊಳ್ಳಿ.

ಆಸ್ಪತ್ರೆಗೆ ಜಾಗ ಬೇಕಿತ್ತು. ಶಾಲೆಯಲ್ಲಿ ಮನೆ ಕಳೆದುಕೊಂಡವರು ತುಂಬಿಕೊಂಡಿದ್ದರು. ಊರಿನ ಎತ್ತರದ ಕೊನೆಯಲ್ಲಿ ಸಿದ್ದಮ್ಮ ಎಂಬ ಮುದುಕಿಯದು ಉದ್ದನೆಯ ಹೆಂಚಿನ ಮನೆ ಇದೆ, ಗಾಳಿ ಬೆಳಕು ಚೆನ್ನಾಗಿದೆ ಎಂದು ಯಾರೋ ಹೇಳಿದರು. ಹೋದೆವು. ಅಜ್ಜಿ ಬಾಗಿಲಲ್ಲೇ ಅಡ್ಡ ನಿಂತರು.

"ಅಜ್ಜಿ, ಮನೆಯಲ್ಲಿ ಎಷ್ಟು ಜನ ಇದೀರಿ?" ಎಂದು ಕೇಳಿದೆ.

"ನಾನೊಬ್ಳೇ ಕಣಪ್ಪ. ಇನ್ನು ಅವಿದಾವೆ ಒಳಗೆ. ಅವಕ್ಕೆ ಮೂರ್ನೇ ಜ್ವರ."

ನಾನು ಸ್ಟೆತೊಸ್ಕೋಪ್ ಕೈಗೆ ತೆಗೆದುಕೊಂಡೆ. "ಯಾವಾಗಿಂದ?"

"ನಿನ್ನೆಯಿಂದ ತಲೆ ಎತ್ಕಂಡು ಸುಮ್ಕೆ ಕುಂತವೆ. ಏನ್ ಹಾಕಿದ್ರೂ ಮುಟ್ಟಲ್ಲ."

"ವಾಂತಿ ಏನಾದರೂ?"

ರುದ್ರಯ್ಯ ನನ್ನ ತೋಳು ಹಿಡಿದು, "ಸಾರ್, ನೀವು ಹುಳಾನ ಕೇಳ್ತಿದೀರಿ" ಅಂದರು.

ಅದು ರೇಷ್ಮೆ ಹುಳ ಸಾಕುವ ಮನೆ. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಕೂರುವುದನ್ನು ಆ ಕಡೆ ಜ್ವರ ಎನ್ನುತ್ತಾರೆ. ಊರಿಗೆ ಬಂದು ವರ್ಷವಾಗಿದ್ದರೂ ನನಗೆ ಗೊತ್ತಿರಲಿಲ್ಲ. ಹಿಂದೆ ನಿಂತಿದ್ದವರೆಲ್ಲ ಅಷ್ಟು ಕಷ್ಟದಲ್ಲೂ ನಕ್ಕರು. ಅಜ್ಜಿ ನಗಲಿಲ್ಲ. ಅವರ ಹಿಪ್ಪುನೇರಳೆ ತೋಟ ನೀರಿನಡಿ ಹೋಗಿತ್ತು. ಜ್ವರದಿಂದ ಎದ್ದ ಹುಳಕ್ಕೆ ಹಾಕಲು ಸೊಪ್ಪು ಇರಲಿಲ್ಲ. ಸ್ವಲ್ಪ ಹೊತ್ತು ನಮ್ಮನ್ನೂ, ಮಂಚದ ಮೇಲಿದ್ದ ಬಾಣಂತಿಯನ್ನೂ ನೋಡಿದರು.

"ಹೆಂಗಿದ್ರೂ ಉಪಾಸ ಸಾಯೋವು," ಅಂದರು. "ಎತ್ತಿ ಹಾಕ್ತೀನಿ. ಆದ್ರೆ ಕೇಳಿಲ್ಲಿ ಡಾಕ್ಟ್ರಪ್ಪ, ಇದು ಹುಳದ ಮನೆ. ಇದರ ಮಡಿ ಬುಡಾಕಾಗಲ್ಲ. ಕೈಕಾಲು ತೊಳೀದೆ ಯಾರೂ ಹೊಸ್ತಿಲು ದಾಟಂಗಿಲ್ಲ. ಮೆಟ್ಟು ಈಚೆಗೇ. ಒಳಗಿನ ಕಸ ಒಳಗೆ, ಹೊರಗಿನ ಕಸ ಹೊರಗೆ. ನೀನೂವೆ."

ಈ ಷರತ್ತಿನ ಬೆಲೆ ಆಗ ನನಗೆ ತಿಳಿಯಲಿಲ್ಲ. ಅದಕ್ಕೆ ಮುಂಚಿನ ಒಂದು ವರ್ಷ ನಾನು ಆ ಊರಿನಲ್ಲಿ ಕೈ ತೊಳೆಯುವ ಬಗ್ಗೆ ಎಷ್ಟು ಭಾಷಣ ಮಾಡಿದ್ದೆನೋ ಲೆಕ್ಕವಿಲ್ಲ. ಚಿತ್ರಪಟ ಹಿಡಿದು, ಕಣ್ಣಿಗೆ ಕಾಣದ ಕ್ರಿಮಿಯ ವಿಷಯ ಹೇಳುತ್ತಿದ್ದೆ. ಎಲ್ಲರೂ ತಲೆದೂಗಿ ಕೇಳಿ, ಹೋಗಿ ತೊಳೆಯದ ಕೈಯಲ್ಲೇ ಮುದ್ದೆ ಮುರಿಯುತ್ತಿದ್ದರು. ಆದರೆ ಕೊಳಕು ಕೈಯಿಂದ ಹುಳಕ್ಕೆ ರೋಗ ಬರುತ್ತದೆ, ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹಬ್ಬುತ್ತದೆ, ಇಡೀ ಬೆಳೆ ಹೋಗುತ್ತದೆ ಎಂಬುದು ಅಲ್ಲಿ ಐದು ವರ್ಷದ ಮಗುವಿಗೂ ಗೊತ್ತಿತ್ತು. ಹುಳದ ಮನೆಯ ಮುಂದೆ ಸುಣ್ಣದ ನೀರಿನ ಬಾನಿ ಕಂಡರೆ ಕಾಲು ತಾನಾಗಿಯೇ ಅದರೊಳಗೆ ಇಳಿಯುತ್ತಿತ್ತು. ನನ್ನ ವಿಜ್ಞಾನಕ್ಕೆ ಬಗ್ಗದವರು ಸಿದ್ದಮ್ಮನ ಬಾನಿಗೆ ಬಗ್ಗಿದರು. ಆ ಮಡಿಯಲ್ಲಿ ಮೂಢನಂಬಿಕೆಯೂ ಇತ್ತು. ಮುಟ್ಟಾದ ಹೆಂಗಸರನ್ನು ಒಳಗೆ ಬಿಡುವುದಿಲ್ಲವೆಂದು ಅಜ್ಜಿ ಹಟ ಹಿಡಿದಾಗ ನಾನೂ ಹಟ ಹಿಡಿದೆ. ಕೊನೆಗೆ "ಹುಳ ಇದ್ದಾಗ ತಾನೇ ಅದು, ಈಗ ಮನುಷ್ಯರು" ಎಂದು ಅವರೇ ತೀರ್ಪು ಕೊಟ್ಟರು.

ಹುಳದ ದೊಡ್ಡ ಬಿದಿರು ತಟ್ಟೆಗಳು ಮಕ್ಕಳಿಗೆ ಹಾಸಿಗೆಯಾದವು. ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ನೆಟ್ಟಗೆ ನಿಲ್ಲಿಸಿದರೆ ಹೆಂಗಸರಿಗೂ ಗಂಡಸರಿಗೂ ನಡುವೆ ತಡಿಕೆ. ಅದರ ಮೇಲ್ಗಡೆ ಸಲೈನ್ ಬಾಟಲಿ ನೇತುಹಾಕಿದೆವು. ಅದೇ ಮಧ್ಯಾಹ್ನ ಹೊರರೋಗಿಗಳನ್ನು ನೋಡತೊಡಗಿದೆವು.

ಇನ್ನು ನನ್ನ ದೊಡ್ಡ ತಪ್ಪು.

ತುಮಕೂರಿನ ಮೇಲಿನ ಕಚೇರಿಗೆ ಸುದ್ದಿ ಮುಟ್ಟಿಸಬೇಕಿತ್ತು. ಕುಣಿಗಲ್ ಕಡೆಯ ದಾರಿ ಕಿತ್ತು ಹೋಗಿತ್ತು. ಗುಬ್ಬಿ ಕಡೆ ಎಂಟು ಮೈಲಿ ಕೆಸರಿನಲ್ಲಿ ನಡೆದರೆ ಒಂದು ಅಂಚೆ ಕಚೇರಿಯಲ್ಲಿ ಫೋನಿತ್ತು. ನಾನು ಚೀಟಿ ಬರೆದು ರುದ್ರಯ್ಯನವರ ಕೈಗೆ ಕೊಟ್ಟೆ. ಲೈನು ಸಿಕ್ಕುವುದೇ ಕಷ್ಟ, ಹಾಗಾಗಿ ಚುಟುಕಾಗಿ ಬರೆದಿದ್ದೆ: "ಕೆರೆ ಕೋಡಿ ಬಿದ್ದಿದೆ. ಆಸ್ಪತ್ರೆ ಇಲ್ಲ. ಸಲೈನ್, ಬ್ಲೀಚಿಂಗ್ ಪೌಡರ್ ಕಳಿಸಿ."

ಕೆರೆಯ ಸೀಮೆಯಲ್ಲಿ ಬೆಳೆದ ಯಾರಿಗಾದರೂ ಈಗಲೇ ನಗು ಬಂದಿರಬೇಕು. ನಾನು ಪೇಟೆಯಲ್ಲಿ ಬೆಳೆದವನು. ಕೋಡಿಯ ಕಲ್ಲುಗಳು ಕಣ್ಣೆದುರಿಗೇ ಉರುಳಿ ಬಿದ್ದಿದ್ದವು, ಬಿದ್ದಿದೆ ಎಂದು ಬರೆದೆ. ಆದರೆ ನಮ್ಮ ಕಡೆ "ಕೋಡಿ ಬಿತ್ತು" ಎಂದರೆ ಕೆರೆ ತುಂಬಿ ತುಳುಕಿತು, ಊರಿಗೆ ಸುಗ್ಗಿ ಎಂದರ್ಥ. ಅಂಥ ದಿನ ಹೆಂಗಸರು ಬಾಗಿನ ಬಿಡುತ್ತಾರೆ, ಊರೆಲ್ಲ ಸಿಹಿ ಮಾಡುತ್ತಾರೆ.

ಆ ಕಡೆಯಿಂದ ಫೋನ್ ಎತ್ತಿದವರು ಒಳ್ಳೆಯವರು. "ಒಳ್ಳೇದಾಯ್ತು ಕಣ್ರೀ, ಎಷ್ಟು ವರ್ಷಕ್ಕೆ ಬಿತ್ತು? ಬಾಗಿನ ಬಿಟ್ರಾ?" ಅಂದರಂತೆ. ಆಸ್ಪತ್ರೆ ಇಲ್ಲ ಎಂದದ್ದಕ್ಕೆ, "ಇರ್ಲಿ ಬಿಡ್ರಿ, ಒಂದಿನ ರಜ ತಾನೆ, ನಾಳೆ ಅರ್ಜಿ ಕಳಿಸಿ" ಅಂದರಂತೆ. ಅಷ್ಟರಲ್ಲಿ ಲೈನು ಹೋಯಿತು. ಅಂದು ಮತ್ತೆ ಸಿಗಲಿಲ್ಲ.

ಇದನ್ನು ನಾನು ಸ್ನೇಹಿತರ ಕೂಟಗಳಲ್ಲಿ ಎಷ್ಟೋ ವರ್ಷ ರುದ್ರಯ್ಯನವರ ತಪ್ಪೆಂದೇ ಹೇಳಿಕೊಂಡು ಬಂದಿದ್ದೆ. ಚೀಟಿಯಲ್ಲಿ ನಾನು "ಕೋಡಿ ಒಡೆದಿದೆ" ಎಂದು ಬರೆದಿದ್ದೆ, ಅವರು ಬಾಯಲ್ಲಿ ಬದಲಾಯಿಸಿದರು ಎಂದು ನನ್ನ ನೆನಪು ಖಂಡಿತವಾಗಿ ಹೇಳುತ್ತಿತ್ತು. ಸತ್ಯಮಂಗಲದಲ್ಲಿ ಕಾಫಿ ಕುಡಿಯುತ್ತ ಅದನ್ನೇ ಹೇಳಿದೆ.

ಅವರು ಲೋಟ ಕೆಳಗಿಟ್ಟರು. "ಸಾರ್, ನಾನು ಕೆರೆ ಪಕ್ಕದಾಗೇ ಹುಟ್ಟಿದೋನು. ಕೋಡಿ ಕಿತ್ಕಂಡೋಗಿರೋದನ್ನ ಬಿದ್ದಿದೆ ಅಂತ ನಾನ್ಯಾಕೆ ಹೇಳ್ಲಿ? ನೀವು ಬರ್ದಿದ್ದನ್ನ ಓದ್ದೆ. ಒಂದಕ್ಷರ ಸೇರಿಸಬೇಡಿ, ಇದು ಸರ್ಕಾರಿ ಸಂದೇಶ ಅಂತ ನೀವೇ ಹೇಳಿದ್ರಿ. ಅಲ್ಲ ಸಾರ್, ಇದು ಆ ಕೋಡಿ ಅಲ್ಲ ಅಂತ ಕಿರುಚೋ ಹೊತ್ಗೆ ಲೈನೇ ಇರಲಿಲ್ಲ."

"ಅಂದೇ ಯಾಕೆ ಹೇಳಲಿಲ್ಲ?"

"ಹೇಳ್ದೆ. ನೀವು ಆಗ ಕೇಳೋ ಸ್ಥಿತೀಲಿ ಇರಲಿಲ್ಲ."

ಚೀಟಿ ಈಗ ಇಲ್ಲ. ಆದರೆ ಒಂದಕ್ಷರ ಸೇರಿಸಬೇಡಿ ಎಂಬ ಮಾತು ನನ್ನದೇ. ಅಂಥ ಮಾತನ್ನು ನಾನು ಇಡೀ ಸೇವಾವಧಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಆದ್ದರಿಂದ ತಪ್ಪು ನನ್ನದೆಂದು ಇಲ್ಲಿ ದಾಖಲಿಸುತ್ತೇನೆ. ಮೂರು ದಿನ ಯಾವ ಸಹಾಯವೂ ಬರಲಿಲ್ಲ. ನೀವು ಯಾವ ಊರಿನಿಂದ ಸಂದೇಶ ಕಳಿಸಿದರೂ ಮೊದಲು ಆ ಊರಿನವರೊಬ್ಬರಿಂದ ಓದಿಸಿ, ಏನು ಅರ್ಥವಾಯಿತೆಂದು ಕೇಳಿ.

ಅಷ್ಟರಲ್ಲಿ ವಾಂತಿಭೇದಿ ಶುರುವಾಯಿತು. ನೀರು ನುಗ್ಗಿದ ಬಾವಿಗಳ ನೀರನ್ನೇ ಜನ ಕುಡಿಯುತ್ತಿದ್ದರು. ನಾನು ಮೊದಲು ಬಂದವರಿಗೆಲ್ಲ ಬಾಟಲಿ ಏರಿಸಿದೆ. ಮೊದಲು ಬಂದವರು ನಡೆದು ಬರಲು ಶಕ್ತಿ ಇದ್ದವರು, ಬಾಟಲಿ ಬೇಕೇಬೇಕೆಂದು ಜಗಳ ಮಾಡಲೂ ಶಕ್ತಿ ಇದ್ದವರು. ಹೊತ್ತುಕೊಂಡು ಬರಬೇಕಾದವರು ಬರುವ ಹೊತ್ತಿಗೆ ಪೆಟ್ಟಿಗೆಯಲ್ಲಿ ಮೂರೇ ಬಾಟಲಿ ಉಳಿದಿದ್ದವು.

ಹಳ್ಳದಾಚೆ ಏನಾಗಿದೆಯೋ ಗೊತ್ತಿರಲಿಲ್ಲ. ಎರಡನೆಯ ದಿನ ಮಳೆ ನಿಂತ ಮೇಲೆ ದಡಕ್ಕೆ ಹೋದೆ. ಕೆಂಪು ನೀರು ಮರ, ದನದ ಕೊಟ್ಟಿಗೆಯ ಗಳು ಎಲ್ಲವನ್ನೂ ಹೊತ್ತು ಹೋಗುತ್ತಿತ್ತು. ಈಜು ಬಲ್ಲ ಇಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ನೋಡಿ ವಾಪಸು ಬಂದಿದ್ದರು. ಆಚೆ ದಡದಲ್ಲಿ ಬಿಳಿ ಸೀರೆಯಲ್ಲಿ ಲಕ್ಷ್ಮೀದೇವಮ್ಮ ನಿಂತಿದ್ದರು. ಕೂಗಿದರೆ ಕೇಳಿಸುವಷ್ಟು ದೂರ.

"ಎಷ್ಟು ಜನ?" ಎಂದು ಕೂಗಿದೆ.

"ಏಳು ಸಾರ್. ಇಬ್ರಿಗೆ ಕಣ್ಣು ಗುಳಿ ಬಿದ್ದವೆ."

"ಸಲೈನ್ ಇದೆಯಾ?"

"ಎರಡಿತ್ತು. ಹೊತ್ತಾರೇಲೇ ಆಯ್ತು."

"ಈಗ ಏನು ಕೊಡ್ತಿದೀರಿ?"

"ನುಚ್ಚಿನ ಗಂಜಿ. ಉಪ್ಪು ಹಾಕಿ, ಚಮಚದಾಗೆ."

"ವಾಂತಿ ಆಗೋರಿಗೆ ಬಾಯಲ್ಲಿ ಕೊಡ್ತಾರೇನ್ರೀ? ನಿಲ್ಲಿಸಿ."

ಆ ಕಡೆಯಿಂದ ನಿಧಾನವಾಗಿ, ಒಂದೊಂದೇ ಮಾತು ಬಂತು. "ನಿಲ್ಸಿ ಏನ್ ಕೊಡ್ಲಿ ಸಾರ್?"

ಕಾಲೇಜಿನಲ್ಲಿ ಕಲಿತದ್ದು ಒಂದೇ, ನೀರಿಳಿದ ಮೈಗೆ ನರದ ಮೂಲಕ ನೀರು. ಬಾಯಿಂದ ಉಪ್ಪು ಸಕ್ಕರೆ ನೀರು ಕುಡಿಸಿ ಬದುಕಿಸಿದ್ದಾರೆಂದು ಎಲ್ಲೋ ಓದಿದ್ದೆ, ನಂಬಿರಲಿಲ್ಲ.

"ಕೊಡ್ತಾ ಇರಿ," ಎಂದೆ. "ಉಪ್ಪು ಎಷ್ಟು ಹಾಕ್ತೀರಿ?"

"ಕಣ್ಣೀರಷ್ಟು."

"ಅಂದ್ರೆ?"

"ಕಣ್ಣೀರಿಗಿಂತ ಹೆಚ್ಗೆ ಉಪ್ಪಾಗ್ಬಾರ್ದು. ಆ ರುಚಿ ಎಲ್ಲಾ ಹೆಂಗಸ್ರಿಗೂ ಗೊತ್ತು ಸಾರ್, ಅಳತೆ ಬೇಕಾಗಲ್ಲ."

ನನ್ನ ಹಿಂದೆ ನಿಂತಿದ್ದವನೊಬ್ಬ, "ನರ್ಸಮ್ಮ, ನಮ್ ಡಾಕ್ಟ್ರಿಗೂ ಗಂಜಿ ಕಾಯ್ಸೋದು ಹೇಳ್ಕೊಡಿ" ಎಂದು ಕೂಗಿದ. ಈ ದಡದವರೂ ಆ ದಡದವರೂ ನಕ್ಕರು. ನಾನು ಹುಳದ ಮನೆಗೆ ವಾಪಸು ಬಂದು ಸಿದ್ದಮ್ಮನಿಗೆ ದೊಡ್ಡ ಹಂಡೆಯಲ್ಲಿ ನುಚ್ಚು ಬೇಯಿಸಲು ಹೇಳಿದೆ. ಉಳಿದ ಮೂರು ಬಾಟಲಿ ಪ್ರಜ್ಞೆ ತಪ್ಪಿದವರಿಗೆ ಮಾತ್ರ ಎಂದು ನಿರ್ಧರಿಸಿದೆ. ಪ್ರತಿಯೊಬ್ಬ ರೋಗಿಯ ಪಕ್ಕದಲ್ಲಿ ಮನೆಯವರೊಬ್ಬರನ್ನು ಕೂರಿಸಿ ಕೈಗೆ ಚಮಚ ಕೊಟ್ಟೆ. ವಾಂತಿಯಾದರೆ ಸ್ವಲ್ಪ ತಡೆದು ಮತ್ತೆ ಒಂದು ಚಮಚ. ಮೊದಲ ದಿನ ನಾಡಿ ಹಿಡಿದು ಗಂಟೆಗೊಮ್ಮೆ ಬರೆದುಕೊಳ್ಳುತ್ತಿದ್ದೆ, ಇದು ಕೆಲಸ ಮಾಡುವುದಿಲ್ಲ ಎಂದು ತೋರಿಸಲೋ ಎಂಬಂತೆ. ಮರುದಿನ ಬೆಳಗ್ಗೆ ಇಬ್ಬರು ಎದ್ದು ಕೂತು ಉಪ್ಪು ಸಾಲದು ಎಂದು ದೂರಿದರು. ಇದು ಪ್ರಯೋಗವಾಗಿರಲಿಲ್ಲ, ಬೇರೆ ಗತಿ ಇಲ್ಲದೆ ಮಾಡಿದ್ದು. ಎಂಬತ್ತರ ದಶಕದಲ್ಲಿ ನೀರಿಗೆ ಬೆರೆಸಿ ಕುಡಿಸುವ ಉಪ್ಪು ಸಕ್ಕರೆಯ ಪೊಟ್ಟಣಗಳು ಬಂದಾಗ, ಅವುಗಳ ಮೇಲಿನ ಸೂಚನೆ ಓದುವಾಗಲೆಲ್ಲ ಹಳ್ಳದಾಚೆಯಿಂದ ಬಂದ ದನಿಯೇ ಕೇಳಿಸುತ್ತಿತ್ತು.

ಅಂದಿನಿಂದ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ದಡಕ್ಕೆ ಹೋಗುವುದು ನಿಯಮವಾಯಿತು. ನಾನು ಏನನ್ನೂ ಕೇಳುವ ಮುಂಚೆ ಅವರೇ ಕೂಗಿ ವರದಿ ಒಪ್ಪಿಸುತ್ತಿದ್ದರು. "ಒಂಬತ್ತು ಸಾರ್. ಯಾರೂ ಹೋಗಿಲ್ಲ." ಮಾರನೆಯ ದಿನ, "ಹದಿಮೂರು. ಯಾರೂ ಹೋಗಿಲ್ಲ." ಅವರ ದನಿ ದಿನದಿಂದ ದಿನಕ್ಕೆ ಒಡೆಯುತ್ತಿತ್ತು. ಆ ಕಡೆ ನೋಡಿಕೊಳ್ಳುವವರು ಅವರೊಬ್ಬರೇ. ಬ್ಲೀಚಿಂಗ್ ಪೌಡರ್ ಇಲ್ಲದೆ ಬಾವಿ ಶುದ್ಧ ಮಾಡಲು ಆಗುತ್ತಿರಲಿಲ್ಲ. ಹೊಸ ರೋಗಿಗಳು ಬರುತ್ತಲೇ ಇದ್ದರು. ಗಂಜಿ ಎಷ್ಟು ದಿನ ತಡೆದೀತು?

ಮೂರನೆಯ ದಿನ ರುದ್ರಯ್ಯ ಮತ್ತೆ ನಡೆದು ಹೋಗಿ ಫೋನ್ ಮಾಡಿದ ಮೇಲೆ ತುಮಕೂರಿಗೆ ನಿಜಸಂಗತಿ ತಿಳಿಯಿತು. ನಾಲ್ಕನೆಯ ದಿನ ಗುಬ್ಬಿ ಕಡೆಯಿಂದ ಜೀಪು ಬಂತು. ಔಷಧಿ ತಂದಿತ್ತು, ಜೊತೆಗೆ ಒಂದು ಆದೇಶವನ್ನೂ ತಂದಿತ್ತು. ಕಟ್ಟಡ ಇಲ್ಲದ ಕಾರಣ ಕೇಂದ್ರವನ್ನು ಗುಬ್ಬಿಗೆ ಸ್ಥಳಾಂತರಿಸುವುದು, ರೋಗಿಗಳನ್ನು ಜೀಪಿನಲ್ಲಿ ಸಾಗಿಸುವುದು, ಸಿಬ್ಬಂದಿ ನಾಳೆ ಸಂಜೆಯೊಳಗೆ ಅಲ್ಲಿ ಹಾಜರಾಗುವುದು.

ಆದೇಶ ತಪ್ಪೆಂದು ಹೇಳಲಾರೆ. ತುಮಕೂರಿನಲ್ಲಿ ಕೂತು ನಕ್ಷೆ ನೋಡಿದರೆ ನಾನೂ ಅದನ್ನೇ ಬರೆಯುತ್ತಿದ್ದೆ. ಗುಬ್ಬಿಯಲ್ಲಿ ಗಟ್ಟಿ ಕಟ್ಟಡವಿತ್ತು, ಬೇರೆ ಡಾಕ್ಟರುಗಳಿದ್ದರು. ಈ ದಡದ ರೋಗಿಗಳಿಗೆ ಅದೇ ಒಳ್ಳೆಯದು. ಆದರೆ ಗುಬ್ಬಿಯಲ್ಲಿ ನಿಂತು ಕೂಗಿದರೆ ಹಳ್ಳದಾಚೆಗೆ ಕೇಳಿಸುವುದಿಲ್ಲ.

"ಏನ್ಮಾಡಣ ಸಾರ್?" ಅಂದರು ರುದ್ರಯ್ಯ. "ಪೆಟ್ಟಿಗೆ ಕಟ್ಲಾ?"

"ಕಟ್ಟಬೇಡಿ."

"ಸಸ್ಪೆಂಡ್ ಮಾಡ್ತಾರೆ."

"ಮಾಡಲಿ. ಆಮೇಲೆ ಇಲ್ಲೇ ಖಾಸಗಿಯಾಗಿ ಗಂಜಿ ಹಾಕ್ತೀನಿ."

ಇದು ನಾನು ಹೇಳಿದ್ದೆಂದು ನನ್ನ ನೆನಪು. ರುದ್ರಯ್ಯ, "ಅಷ್ಟು ಚೆನ್ನಾಗಿ ನೀವೇನೂ ಹೇಳಲಿಲ್ಲ, ಸುಮ್ಮನೆ ಉಗುರು ಕಚ್ಚುತ್ತ ಕೂತಿದ್ರಿ" ಎನ್ನುತ್ತಾರೆ. ಇರಬಹುದು. ಜೀಪಿನವನ ಕೈಯಲ್ಲಿ ಕಳಿಸಿದ ಉತ್ತರ ಮಾತ್ರ ಇಬ್ಬರಿಗೂ ಚೆನ್ನಾಗಿ ನೆನಪಿದೆ, ಏಕೆಂದರೆ ಈ ಸಲ ಅದನ್ನು ರುದ್ರಯ್ಯನವರಿಂದ ಮೂರು ಸಲ ಓದಿಸಿದ್ದೆ: "ಕೇಂದ್ರದ ಸಿಬ್ಬಂದಿಯೊಬ್ಬರು ತಮ್ಮ ರೋಗಿಗಳೊಂದಿಗೆ ಹಳ್ಳದ ಆಚೆ ಇದ್ದಾರೆ. ಅವರನ್ನು ಬಿಟ್ಟರೆ ಸ್ಥಳಾಂತರ ಪೂರ್ಣವಾಗುವುದಿಲ್ಲ. ಅವರು ಈಚೆ ಬಂದ ಮೇಲೆ ಆದೇಶ ಪಾಲಿಸುತ್ತೇನೆ."

ಮರುದಿನ ಬೆಳಗ್ಗೆ ನಮ್ಮ ಮೇಲಧಿಕಾರಿಗಳೇ ಬಂದರು. ನಿವೃತ್ತಿಗೆ ಹತ್ತಿರವಾದವರು, ಸಿಡುಬಿನ ಕಾಲದಿಂದ ಹಳ್ಳಿ ತಿರುಗಿದವರು, ಬಹಳ ಸಿಟ್ಟಿನವರು. ಜೀಪಿನಿಂದ ಇಳಿದವರೇ ದಡದಡನೆ ಹುಳದ ಮನೆಯ ಹತ್ತಿರ ಬಂದರು. ಹೊಸ್ತಿಲಲ್ಲಿ ಸಿದ್ದಮ್ಮ.

"ಬೂಟ್ಸು," ಅಂದರು ಅಜ್ಜಿ.

"ನಾನ್ಯಾರು ಗೊತ್ತೇನಮ್ಮ?"

"ಯಾರಾದ್ರೂ ಆಗು. ಬಾನಿ ಅಲ್ಲೈತೆ."

ಸಾಹೇಬರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರು ಕಲ್ಲಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚಿದರು, ಪ್ಯಾಂಟು ಮಡಿಸಿ ಕಾಲು ತೊಳೆದರು, ಕೈ ತೊಳೆದರು. ಒಳಗೆ ಎಲ್ಲ ತಟ್ಟೆಗಳನ್ನೂ ನೋಡಿದರು. ಮನೆಯವರ ಕೈಯಲ್ಲಿದ್ದ ಚಮಚಗಳನ್ನೂ ನೋಡಿದರು. ಏನನ್ನೂ ಹೊಗಳಲಿಲ್ಲ. ಹೊರಗೆ ಬಂದು, "ಎಲ್ರೀ ನಿಮ್ಮ ಹಳ್ಳ?" ಅಂದರು.

ದಡದಲ್ಲಿ ನಾವು ನಿಂತದ್ದನ್ನು ಕಂಡು ಲಕ್ಷ್ಮೀದೇವಮ್ಮ ಓಡಿಬಂದರು. "ಹದಿಮೂರರಾಗೆ ಇಬ್ರು ಎದ್ದವ್ರೆ. ಹನ್ನೊಂದು ಸಾರ್. ಯಾರೂ ಹೋಗಿಲ್ಲ." ದನಿ ಹೋಗಿ ಬರೀ ಗಾಳಿ ಬರುತ್ತಿತ್ತು.

ಸಾಹೇಬರು ಬಾಯಿಗೆ ಎರಡೂ ಕೈ ಅಡ್ಡ ಹಿಡಿದರು. "ಈಚೆ ಬರ್ತೀಯೇನಮ್ಮ? ಫೈರ್‌ನೋರನ್ನ ಕರೆಸಿ ಹಗ್ಗ ಕಟ್ಟಿಸ್ತೀನಿ."

"ನಾನೊಬ್ಳೇನಾ ಸಾರ್?"

"ಹೂಂ."

"ಬರಲ್ಲ ಸಾರ್. ಹನ್ನೊಂದು ಜನಕ್ಕೂ ಹಗ್ಗ ಕಟ್ತೀರಾ?"

ಸಾಹೇಬರ ಸಿಟ್ಟು ಈಗ ಸ್ಫೋಟಿಸುತ್ತದೆ ಎಂದು ಕಾದೆ. ಅವರು ಹರಿಯುವ ನೀರನ್ನು ನೋಡುತ್ತ ನಿಂತಿದ್ದರು. ರಭಸ ಮೊದಲಿಗಿಂತ ತಗ್ಗಿತ್ತು, ಆಳ ತಗ್ಗಿರಲಿಲ್ಲ.

"ನಿಮಗೇನು ಬೇಕ್ರೀ?" ಅಂದರು ನನ್ನ ಕಡೆ ತಿರುಗದೆ.

"ಹರಿಗೋಲು ಸಾರ್. ಮಾರ್ಕೋನಹಳ್ಳಿ ಜಲಾಶಯದಲ್ಲಿ ಮೀನು ಹಿಡಿಯೋರ ಹತ್ರ ಇದೆ. ಹುಟ್ಟು ಹಾಕೋರ ಸಮೇತ."

"ಆರೋಗ್ಯ ಇಲಾಖೆ ಇಂಡೆಂಟಿನಲ್ಲಿ ಹರಿಗೋಲು ಅನ್ನೋ ಐಟಮ್ಮೇ ಇಲ್ಲ."

"ಗೊತ್ತು ಸಾರ್."

"ಸ್ಟ್ರೆಚರ್ ಇದೆ."

"ಸ್ಟ್ರೆಚರ್ ಇಟ್ಕೊಂಡು ಏನು ಮಾಡಲಿ ಸಾರ್?"

"ರೋಗೀನ ಮಲಗಿಸಿಕೊಂಡು ಇಲ್ಲಿಂದ ಅಲ್ಲಿಗೆ ಸಾಗಿಸೋದಕ್ಕೆ ಏನಂತಾರ್ರೀ? ಓದಿದೀರಲ್ಲ." ಜೀಪಿನ ಮುಂಭಾಗದ ಮೇಲೆ ಕಾಗದ ಇಟ್ಟು ಬರೆದರು. ನಾನು ಇಣುಕಿ ನೋಡಿದೆ. ಸ್ಟ್ರೆಚರ್, ದುಂಡನೆಯದು, ಒಂದು. ತುರ್ತು.

"ಸಾರ್, ಸ್ಥಳಾಂತರದ ಆದೇಶ?"

"ಆಯಮ್ಮ ಈಚೆ ಬಂದ ಮೇಲೆ ಪಾಲಿಸ್ತೀನಿ ಅಂತ ನೀವೇ ಬರೆದಿದೀರಿ. ಬರಲ್ಲ ಅಂತಿದಾಳೆ. ಬರೋವರೆಗೂ ಕಾಯಿರಿ." ಬೂಟು ಹುಡುಕಿಕೊಂಡು ಹೋದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ, ಗುಬ್ಬಿ ಕಡೆಯಿಂದ ಸುತ್ತಿಕೊಂಡು, ಲಾರಿಯೊಂದರಲ್ಲಿ ಹರಿಗೋಲು ಬಂತು, ಬೋರಲು ಹಾಕಿದ ದೊಡ್ಡ ಬುಟ್ಟಿಯ ಹಾಗೆ. ಅದರ ಜೊತೆ ಇಬ್ಬರು ಬೆಸ್ತರು. ಇಳಿಸಿಕೊಂಡು ರಸೀತಿಗೆ ರುದ್ರಯ್ಯ ಸಹಿ ಹಾಕಿದರು, ಸ್ಟ್ರೆಚರ್ ಸುಸ್ಥಿತಿಯಲ್ಲಿ ತಲುಪಿದೆ ಎಂದು. ಮೊದಲ ಸುತ್ತಿನಲ್ಲಿ ಸಲೈನ್ ಪೆಟ್ಟಿಗೆ, ಬ್ಲೀಚಿಂಗ್ ಪೌಡರ್ ಮೂಟೆ, ನಾನು. ನೀರು ಹರಿಗೋಲನ್ನು ಗಿರಗಿರನೆ ತಿರುಗಿಸಿ ಬಹಳ ಕೆಳಗೆ ಎಳೆದುಕೊಂಡು ಹೋಯಿತು. ನಾನು ಕಣ್ಣು ಮುಚ್ಚಿಕೊಂಡಿದ್ದೆ, ಹಾಗಾಗಿ ದಾರಿಯ ಬಗ್ಗೆ ಹೇಳಲು ಏನೂ ಇಲ್ಲ.

ಇಳಿದಾಗ ಲಕ್ಷ್ಮೀದೇವಮ್ಮ ದಡದುದ್ದಕ್ಕೂ ಓಡಿಬಂದು ಎದುರಿಗೆ ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು. "ಹನ್ನೊಂದು ಸಾರ್," ಎಂದು ಇದ್ದ ಶಕ್ತಿಯೆಲ್ಲ ಹಾಕಿ ಕೂಗಿದರು. "ಯಾರೂ ಹೋಗಿಲ್ಲ." ನಮ್ಮಿಬ್ಬರ ನಡುವೆ ಮೂರಡಿಯೂ ಇರಲಿಲ್ಲ.

"ಕೇಳಿಸ್ತಿದೆ ಲಕ್ಷ್ಮೀದೇವಮ್ಮ," ಅಂದೆ. "ಹತ್ತಿರಾನೇ ಇದೀನಿ."

ಅವರು ಮೂಟೆ ಹೊತ್ತವರಿಗೆ ಬಾವಿಯ ದಾರಿ ತೋರಿಸಿದರು. ಉಪಕೇಂದ್ರದ ಜಗಲಿಗೆ ಬಂದು ಒಬ್ಬೊಬ್ಬ ರೋಗಿಯ ಹತ್ತಿರವೂ ನಿಂತು, ಯಾರಿಗೆ ಯಾವಾಗ ಎಷ್ಟು ಹೋಯಿತು, ಎಷ್ಟು ಬಂತು, ಕಾಗದವಿಲ್ಲದೆ ಹೇಳಿದರು. ತೀರಾ ಸೋತಿದ್ದ ಇಬ್ಬರನ್ನು ತೋರಿಸಿದರು. ಅವರಿಗೆ ಬಾಟಲಿ ಏರಿಸಿದೆ. ಆ ಇಬ್ಬರೂ ಆ ರಾತ್ರಿ ದಾಟಿ ಉಳಿದರು. ಮುಂದಿನ ಎಂಟು ತಿಂಗಳು ಕೇಂದ್ರ ಹುಳದ ಮನೆಯಲ್ಲೇ ನಡೆಯಿತು. ಗುಬ್ಬಿಗೆ ಹೋಗುವ ಆದೇಶ ಕಡತದಲ್ಲಿ ಹಾಗೆಯೇ ಕಾಯುತ್ತಿತ್ತು. ಹರಿಗೋಲು ಅಷ್ಟು ಓಡಾಡಿದರೂ ಲಕ್ಷ್ಮೀದೇವಮ್ಮ ಈಚೆ ಬಂದರೆಂದು ನಾವು ಯಾರೂ ಬರೆಯಲಿಲ್ಲ. ಆದರೆ ಅದೆಲ್ಲ ಆಮೇಲಿನ ಮಾತು.

ಅಂದು ಮಧ್ಯಾಹ್ನ ಚಮಚ ನನ್ನ ಕೈಗೆ ಕೊಟ್ಟು, "ಒಂದು ಗಳಿಗೆ ಒರಗ್ತೀನಿ ಸಾರ್" ಅಂದರು. ಜಗಲಿಯ ಕಂಬಕ್ಕೆ ತಲೆ ಆನಿಸುವಷ್ಟರಲ್ಲೇ ನಿದ್ದೆ ಬಂದಿತ್ತು. ನಾನು ಒಬ್ಬರಾದ ಮೇಲೆ ಒಬ್ಬರಿಗೆ ಗಂಜಿ ಕುಡಿಸುತ್ತ ಸುತ್ತಿದೆ. ಗಂಜಿ ಕುಡಿಸುವುದು ಬಾಟಲಿ ಏರಿಸಿದ ಹಾಗಲ್ಲ. ಬಿಟ್ಟು ಎದ್ದು ಹೋಗಲು ಆಗುವುದಿಲ್ಲ.

ಅವರು ಎದ್ದಾಗ ಬಿಸಿಲು ಇಳಿದಿತ್ತು. ನನ್ನನ್ನು ಏನೂ ಕೇಳಲಿಲ್ಲ. ಕೂತಲ್ಲಿಂದಲೇ ಬೆರಳು ಮಡಿಸುತ್ತ, ಮಲಗಿದ್ದವರನ್ನು ಒಂದು ಕೊನೆಯಿಂದ ಎಣಿಸತೊಡಗಿದರು.